ಉತ್ತರದ ಸಾಲಿನ ಏಳನೆಯ ಜಾಗ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಾಕಾ ಒಬ್ಬರು ಬೋರಾಮಣಿಯ ಮಾಳದಲ್ಲಿ ಹಾಡುಹಗಲೇ ಬಿಳಿ ಧೋತರದ ಮನುಷ್ಯನೊಬ್ಬ ನಡೆಯುತ್ತ ನಡೆಯುತ್ತ ಇಲ್ಲವಾದದ್ದನ್ನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರೆ ನಾನು ಮಾತ್ರ, ‘ಕಾಕಾ, ಅವಾ ಎಷ್ಟ ಫೂಟ ದೂರ ಇದ್ದಾ?’ ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಕಾಕಾ ತೀರಿಕೊಂಡರು. ಈಗ ಅವರಿದ್ದಿದ್ದರೆ ನಾನೇ ಅವರ ಹತ್ತಿರ ಹೋಗಿ ಕೂತು, ಇನ್ನೊಮ್ಮೆ ಹೇಳಿ ಎನ್ನುತ್ತಿದ್ದೆ.

ನನ್ನ ಕಸುಬೇ ಅಂಥದ್ದಾಗಿತ್ತು. ಸೊಲ್ಲಾಪುರದಲ್ಲಿ ಒಬ್ಬ ಇಂಜಿನಿಯರ್ ಸಾಹೇಬರ ಆಫೀಸಿನಲ್ಲಿ ಮೂವತ್ತು ವರ್ಷ ಕಟ್ಟಡಗಳನ್ನು ಅಳೆದು ನಕಾಶೆ ಬರೆದಿದ್ದೇನೆ. ಟೇಪಿಗೆ ಸಿಗದ ವಸ್ತು ನನ್ನ ಪಾಲಿಗೆ ಇರಲೇ ಇಲ್ಲ. ಓದಿದ್ದು ಮರಾಠಿ ಸಾಲಿಯಲ್ಲಿ. ಕನ್ನಡ ಅಕ್ಷರ ತಿದ್ದಿಸಿದವಳು ತಾಯಿ. ಬರಹದಲ್ಲಿ ಅಲ್ಲಲ್ಲಿ ಮರಾಠಿ ನುಸುಳಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಉಪ್ಪು ಖಾರ ಹಚ್ಚಿ ಹೇಳುವ ಕಲೆ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತು ವರ್ಷವಾಗಿರಬೇಕು. ನನ್ನ ಅಕ್ಕನ ಗಂಡ ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರಿ. ನಮ್ಮ ಕಡೆ ಕನ್ನಡದ ಮನೆಗಳಲ್ಲೂ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಅವರ ಮನೆತನ ನಡೆದುಕೊಳ್ಳುವ ಮಠವೊಂದು ಅಕ್ಕಲಕೋಟೆಯ ಆಚೆ, ಹನ್ನೂರಿನ ಕಡೆ ಹೋಗುವ ದಾರಿಯಲ್ಲಿ, ಹೊಲಗಳ ನಡುವೆ ಇದೆ. ಬಹಳ ಹಳೆಯ ಕಲ್ಲುಮಠ. ಅದರಲ್ಲಿ ದಾಸೋಹದ ಪಡಸಾಲೆ, ಅಂದರೆ ಬಂದವರೆಲ್ಲ ಸಾಲಾಗಿ ಕೂತು ಉಣ್ಣುವ ದೊಡ್ಡ ಕೋಣೆ, ಎಂಟು ವರ್ಷದಿಂದ ಬೀಗ ಹಾಕಿಸಿಕೊಂಡು ಬಿದ್ದಿತ್ತು. ಒಂದು ಶ್ರಾವಣ ಸೋಮವಾರ ಜನ ಉಣ್ಣುತ್ತಿದ್ದಾಗಲೇ ಚಾವಣಿಯಿಂದ ಚಪ್ಪಡಿಯೊಂದು ಬಿದ್ದಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಊಟ ಅಂಗಳದ ತಗಡಿನ ಶೆಡ್ಡಿಗೆ ಬಂದಿತ್ತು.

ದಾಜಿಗೆ ಆ ಪಡಸಾಲೆ ಕೆಡವಿಸಿ, ಅದೇ ಜಾಗದಲ್ಲಿ ತಮ್ಮ ತಂದೆಯ ಹೆಸರಿನಲ್ಲಿ ಸಿಮೆಂಟಿನ ಹಾಲ್ ಕಟ್ಟಿಸಬೇಕೆಂದು ಆಸೆ. ದುರಾಸೆಯಲ್ಲ, ಭಕ್ತಿಯೇ. ಆದರೆ ಮಠದ ಕಮಿಟಿಗೆ ಒಂದು ಕಾಗದ ಬೇಕಿತ್ತು. ‘ನೀ ಹೋಗಿ ಅಳತಿ ತಗೋ. ಧೋಕಾದಾಯಕ ಅದ, ಬೀಳೂ ಹಂಗದ ಅಂತ ಬರದು ಕೊಡು, ಝಾಲಾ, ಮುಗೀತು. ನಿಮ್ಮ ಸಾಹೇಬರ ಸಹಿ ಆದ್ರ ನಾ ಉಳದದ್ದು ನೋಡ್ಕೋತೀನಿ’ ಎಂದರು. ನಮ್ಮ ಸಾಹೇಬರು ನನ್ನ ಟಿಪ್ಪಣಿಯ ಕೆಳಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಹಾಗಾಗಿ ಆ ಪಡಸಾಲೆ ಉಳಿಯುವುದೋ ನೆಲಸಮವಾಗುವುದೋ ನಾನು ಬರೆಯುವ ಒಂದು ಶಬ್ದದ ಮೇಲೆ ನಿಂತಿತ್ತು. ಡಿಸೆಂಬರಿನ ಥಂಡಿಯಲ್ಲಿ ಟೇಪು, ಲೇಸರ್ ಮೀಟರ್, ಕಾಗದದ ಸುರುಳಿ ಹಿಡಿದು ಹೋದೆ. ಮಠದಲ್ಲೇ ಒಂದು ಕೋಣೆ ಕೊಟ್ಟರು.

ಹೋದ ಮೊದಲ ದಿನವೇ ಆ ಕಟ್ಟಡ ನನ್ನನ್ನು ಹಿಡಿದುಹಾಕಿತು. ಕಟ್ಟಿ ಎಷ್ಟು ಕಾಲವಾಯಿತೋ ಹೇಳಲಾರೆ. ಸುಲ್ತಾನರ ಕಾಲಕ್ಕಿಂತ ಹಿಂದಿನದು ಎಂದು ಊರವರು ಹೇಳುತ್ತಾರೆ, ಕಂಬಗಳನ್ನು ನೋಡಿದರೆ ಸುಳ್ಳೆನಿಸುವುದಿಲ್ಲ. ಕಟ್ಟಿದವನ ಹೆಸರು ಎಲ್ಲೂ ಕೆತ್ತಿಲ್ಲ. ಆದರೆ ಆತ ಎಂಥ ಮನುಷ್ಯ ಎಂಬುದು ಮೂರು ದಿನ ಅಳೆಯುತ್ತ ಅಳೆಯುತ್ತ ನನಗೆ ತಿಳಿದುಬಂತು. ನಾನು ಎಷ್ಟೋ ಬಂಗಲೆಗಳ ನಕಾಶೆ ಬರೆದಿದ್ದೇನೆ. ಅವೆಲ್ಲ ಯಜಮಾನನೊಬ್ಬನ ಸುತ್ತ ಕಟ್ಟಿದವು. ಇದು ಹತ್ತಾರು ಜನ ಒಂದಾಗಿ ಬದುಕಲೆಂದು ಕಟ್ಟಿದ್ದು, ಮತ್ತು ಅದು ಗೋಡೆ ಗೋಡೆಯಲ್ಲೂ ಕಾಣುತ್ತದೆ.

ಅಂಗಳದ ಸುತ್ತ ಹದಿನಾಲ್ಕು ಕೋಣೆ. ಎರಡು ಕೋಣೆಗೆ ಒಂದು ನಡುಗೋಡೆ, ಆ ಗೋಡೆಯಲ್ಲಿ ದೀಪದ ಗೂಡು. ಮೊದಲ ಸಂಜೆ ನನ್ನ ಕೋಣೆಯ ಗೂಡಿನಲ್ಲಿ ಮೊಬೈಲ್ ಇಟ್ಟವನಿಗೆ ಅದು ಆರಪಾರ ತೂತಾಗಿರುವುದು ಗೊತ್ತಾಯಿತು. ಅತ್ತಲಿನ ಕೋಣೆಗೂ ಅದೇ ಗೂಡು. ಒಂದು ಹಣತೆಯ ಎಣ್ಣೆಯಲ್ಲಿ ಎರಡು ಕೋಣೆಗೆ ಬೆಳಕು! ಹಾಗೆ ಕಟ್ಟಲು ಹೊಳೆಯುವುದಕ್ಕೆ ಬರೀ ಕಲ್ಲಿನ ಬುದ್ಧಿ ಸಾಲದು. ಸ್ವಾಮಿಗಳ ಕೋಣೆಯನ್ನೂ ಅಳೆದೆ. ಬೇರೆಯವರದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಬಾವಿಯಿಂದ ಸೇದಿದ ನೀರು ಕಲ್ಲಿನ ಕಾಲುವೆಯಲ್ಲಿ ಅಡುಗೆಮನೆಗೆ ಹೋಗುತ್ತದೆ, ಅಲ್ಲಿ ಪಾತ್ರೆ ತೊಳೆದ ನೀರು ದನಗಳ ದೋಣಿಯ ಪಕ್ಕ ಹಾಯ್ದು ಬಾಳೆಗೆ ಇಳಿಯುತ್ತದೆ. ಎಲ್ಲೂ ನೀರು ನಿಲ್ಲುವುದಿಲ್ಲ. ನಾವು ಈಗ ಕಟ್ಟುವ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲಿನ ಇಳಿಜಾರು ಸರಿ ಮಾಡಲು ಗೌಂಡಿಗಳ ಜೊತೆ ಎಷ್ಟು ಜಗಳಾಡಿದ್ದೇನೆಂದು ನೆನೆದು ನಗು ಬಂತು.

ಎಲ್ಲಕ್ಕಿಂತ ಚೆಂದ ಆ ಬೀಗ ಹಾಕಿದ ಪಡಸಾಲೆ. ಪೂರ್ವ-ಪಶ್ಚಿಮಕ್ಕೆ ಉದ್ದ. ಉತ್ತರದ ಗೋಡೆಗೆ ಬೆನ್ನು ಹಚ್ಚಿ ಒಂದು ಸಾಲು, ದಕ್ಷಿಣದ ಗೋಡೆಗೆ ಬೆನ್ನು ಹಚ್ಚಿ ಇನ್ನೊಂದು ಸಾಲು, ಎದುರು ಬದುರು ಕೂಡುವ ಹಾಗೆ. ನಡುವೆ ಬಡಿಸುವವರು ಬುಟ್ಟಿ ಹಿಡಿದು ನಡೆಯುವಷ್ಟೇ ಜಾಗ. ದಕ್ಷಿಣದ ಗೋಡೆಯಲ್ಲಿ ಅಡುಗೆಮನೆಯ ಬಾಗಿಲು, ಪೂರ್ವಕ್ಕೆ ಅಂಗಳದ ಬಾಗಿಲು. ದೊಡ್ಡವರಿಗೆಂದು ಕಟ್ಟೆಯಿಲ್ಲ, ಮೂಲೆಯಿಲ್ಲ. ಕಂಬಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದಾನೆ. ಉಣ್ಣುವ ಯಾರ ಮುಖವೂ ಕಂಬದ ಹಿಂದೆ ಮರೆಯಾಗಬಾರದು ಎಂದೇ ಇರಬೇಕು. ನೆಲಕ್ಕೆ ಶಹಾಬಾದ ಕಡೆಯ ಫರಸಿ ಕಲ್ಲು.

ಇಷ್ಟೆಲ್ಲ ಮೆಚ್ಚಿಕೊಂಡವನು ಮೂರನೆಯ ದಿನ ಸಂಜೆ ಏನು ಬರೆದೆ ಗೊತ್ತೇ? ‘ಚಾವಣಿಯ ಚಪ್ಪಡಿ ಮುರಿದು ಬಿದ್ದಿದೆ. ಉಳಿದವೂ ಬೀಳುವ ಸಂಭವವಿದೆ. ಕಟ್ಟಡ ಅಪಾಯಕಾರಿ.’ ಅಡುಗೆಮನೆಯ ಬಾಗಿಲಿನ ಮುಂದೆ ಚಾವಣಿಯಲ್ಲಿ ದೊಡ್ಡ ತೂತು ಕಾಣುತ್ತಿತ್ತು. ಅದರ ಅಂಚಿಗೆ ಎಷ್ಟೋ ಕಾಲದ ಹೊಗೆಯ ಮಸಿ ಜೋತುಬಿದ್ದಿತ್ತು, ಮೇಲಿನಿಂದ ತಗಡು ಮುಚ್ಚಿ ಕಲ್ಲು ಹೇರಿದ್ದರು. ಮೇಲೆ ಹತ್ತಿದ್ದೆ, ಆದರೆ ತಗಡು ಎತ್ತಿ ನೋಡಲಿಲ್ಲ. ಸೋಮಾರಿತನ, ಮತ್ತೇನಲ್ಲ. ದಾಜಿಗೆ ಫೋನ್ ಮಾಡಿ, ನೀವು ಹೇಳಿದ ಹಾಗೆಯೇ ಇದೆ, ನಾಳೆ ಬರುತ್ತೇನೆ ಎಂದೆ. ಅವರು ಖುಷಿಯಾದರು. ನನಗೆ ಮಾತ್ರ ಬೇಜಾರಾಯಿತು. ಆದರೆ ಕಟ್ಟಡ ಚೆಂದವಿದೆ ಎಂದು ಬೀಳುವ ಚಾವಣಿಯ ಕೆಳಗೆ ಜನರನ್ನು ಕೂಡಿಸುವುದುಂಟೇ ಎಂದು ಸಮಾಧಾನ ಹೇಳಿಕೊಂಡೆ.

ನಾಲ್ಕನೆಯ ದಿನ ಹೊರಡುವ ಮುಂಚೆ ಒಂದೇ ಅಳತೆ ಬಾಕಿ ಇತ್ತು, ನೆಲದ ಇಳಿಜಾರಿನದು. ಹೊತ್ತು ಮೂಡುವ ಹೊತ್ತಿಗೆ ಬೀಗ ತೆಗೆದು ಪೂರ್ವದ ಬಾಗಿಲು ತೆರೆದೆ. ಹಿಂದಿನ ಮೂರೂ ದಿನ ಅಲ್ಲಿಗೆ ಬಿಸಿಲು ಏರಿದ ಮೇಲೆ ಹೋಗಿದ್ದೆ. ಈಗ ಎಳೆಬಿಸಿಲು ನೆಲವನ್ನು ಸವರಿಕೊಂಡು ಓರೆಯಾಗಿ ಒಳಗೆ ಹರಿಯಿತು. ಆಗ ಕಂಡವು ನೋಡಿ ಆ ತಗ್ಗುಗಳು. ಎರಡೂ ಗೋಡೆಯ ಉದ್ದಕ್ಕೂ ಫರಸಿಯಲ್ಲಿ ಒಂದರ ಪಕ್ಕ ಒಂದು ಸವೆದ ತಗ್ಗು, ಅರ್ಧ ಇಂಚೂ ಆಳವಿಲ್ಲ. ಓರೆ ಬೆಳಕಿಲ್ಲದೆ ಕಣ್ಣಿಗೆ ಬೀಳುವಂಥವಲ್ಲ. ಎಷ್ಟೋ ತಲೆಮಾರಿನ ಜನ ಕೂತು ಎದ್ದು, ಕೂತು ಎದ್ದು ಕಲ್ಲು ಸವೆಸಿದ ಜಾಗಗಳು. ಎಣಿಸಿದೆ; ಉತ್ತರಕ್ಕೆ ಇಪ್ಪತ್ತಾರು, ದಕ್ಷಿಣಕ್ಕೆ ಬಾಗಿಲಿನ ಜಾಗ ಬಿಟ್ಟು ಇಪ್ಪತ್ತೆರಡು. ಇವನ್ನು ನಕಾಶೆಯಲ್ಲಿ ಗುರುತಿಸಿಯಾದರೂ ಇಡೋಣ, ಆಮೇಲೆ ಬುಲ್ಡೋಜರು ಬರಲಿ ಎಂದು ಮಂಡಿಯೂರಿ ಕೂತೆ.

ಆಳ ನೋಡಲು ಒಂದು ತಗ್ಗಿನಲ್ಲಿ ಅಂಗೈ ಊರಿದೆ. ಬೆಚ್ಚಗಿತ್ತು.

ಸುಡುವ ಬಿಸಿಯಲ್ಲ. ಬಸ್ಸಿನಲ್ಲಿ ಒಬ್ಬರು ಎದ್ದುಹೋದ ಸೀಟಿನಲ್ಲಿ ತಕ್ಷಣ ಕೂತರೆ ಗೊತ್ತಾಗುತ್ತದಲ್ಲ, ಅಷ್ಟು. ಬೆಕ್ಕು ಮಲಗಿತ್ತೇನೋ ಎಂದುಕೊಂಡೆ. ಪಕ್ಕದ ತಗ್ಗು ಮುಟ್ಟಿದೆ, ಅದೂ ಬೆಚ್ಚಗೆ. ಎರಡರ ನಡುವಿನ ಸಪಾಟು ಕಲ್ಲು ಮುಟ್ಟಿದೆ. ಕೈ ಕೊರೆಯುವಷ್ಟು ತಣ್ಣಗೆ. ಮುಂದಿನ ತಗ್ಗು ಬೆಚ್ಚಗೆ. ಐವತ್ತೆರಡರ ಗಂಡಸು ನಾನು, ಕೂಸಿನ ಹಾಗೆ ಅಂಬೆಗಾಲಿಡುತ್ತ ದಕ್ಷಿಣದ ಸಾಲನ್ನೆಲ್ಲ ಮುಟ್ಟುತ್ತ ಹೋದೆ. ಇಪ್ಪತ್ತೆರಡೂ ಬೆಚ್ಚಗಿದ್ದವು. ಉತ್ತರದ ಸಾಲಿಗೆ ಬಂದೆ. ಪಶ್ಚಿಮದ ತುದಿಯಿಂದ ಶುರು ಮಾಡಿ ಒಂದು, ಎರಡು, ಮೂರು... ಆರನೆಯದರ ತನಕ ಬೆಚ್ಚಗೆ. ಏಳನೆಯದು ತಣ್ಣಗೆ. ಎಂಟರಿಂದ ಇಪ್ಪತ್ತಾರರ ತನಕ ಮತ್ತೆ ಬೆಚ್ಚಗೆ.

ಮೂರು ಸಲ ನೋಡಿದೆ. ಎಡಗೈಯಿಂದ ನೋಡಿದೆ, ಮೊಣಕೈಯಿಂದ ನೋಡಿದೆ. ದಪ್ಪ ಕಲ್ಲಿನ ಕಟ್ಟಡ ಹಗಲಿನ ಬಿಸಿಯನ್ನು ರಾತ್ರಿಯೆಲ್ಲ ಹಿಡಿದಿಡುತ್ತದೆ ಎಂಬುದು ನನಗೆ ಗೊತ್ತು. ಆದರೆ ಹಾಗಿದ್ದರೆ ನೆಲವೆಲ್ಲ ಬೆಚ್ಚಗಿರಬೇಕು. ಬಿಸಿಲು ಆಗಷ್ಟೇ ಬಂದಿತ್ತು, ಅದೂ ಪಶ್ಚಿಮದ ತುದಿಗೆ ಇನ್ನೂ ಮುಟ್ಟಿರಲಿಲ್ಲ. ಥಂಡಿಗೆ ನನ್ನ ಕೈ ಜೋಮು ಹಿಡಿದು ಮೋಸ ಮಾಡುತ್ತಿದೆಯೇ? ಮಾಡಲಿ, ಆದರೆ ಏಳನೆಯದಕ್ಕೆ ಬಂದಾಗ ಮಾತ್ರ ಯಾಕೆ ಸರಿಹೋಗುತ್ತದೆ? ಎಂಟು ವರ್ಷದಿಂದ ಯಾರೂ ಕೂಡದ ಜಾಗ. ಹೆದರಿಕೆಯಾಯಿತು. ಎದ್ದು ಬಾಗಿಲಿಗೆ ಹೋಗಿ, ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಕಲ್ಲವ್ವನನ್ನು ಕರೆದೆ.

ಕಲ್ಲವ್ವ ಮಠದ ಅಡುಗೆಯಾಕೆ. ಎಪ್ಪತ್ತು ದಾಟಿತ್ತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಎಳೆಯ ಮಗಳೊಂದಿಗೆ ಇಲ್ಲಿಗೆ ಬಂದವಳು, ಅಂದಿನಿಂದ ಬೇಯಿಸಿ ಬಡಿಸುವುದೇ ಅವಳ ಕೆಲಸ. ಮೂರು ದಿನದಿಂದ ನನಗೂ ಆಕೆಯೇ ಬಡಿಸಿದ್ದಳು, ಆದರೆ ನಾಲ್ಕು ಮಾತು ಸಹ ಆಡಿರಲಿಲ್ಲ. ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಹೇಳಲು ನಾಚಿಕೆಯಾಗುತ್ತಿದ್ದರೂ ಹೇಳಿದೆ. ಆಕೆ ತನ್ನ ಅಂಗೈಗಳನ್ನು ತೋರಿಸಿ, ‘ಈ ಕೈಗೆ ಹಂಚಿನ ಬಿಸಿನ ಗೊತ್ತಾಗಂಗಿಲ್ರಿ ಸಾಹೇಬ್ರ’ ಎಂದು ನಕ್ಕಳು. ಆಮೇಲೆ ನಿಧಾನವಾಗಿ ಬಾಗಿ, ನಾನು ತೋರಿಸಿದ ತಗ್ಗಿಗೆ ತನ್ನ ಗಲ್ಲ ಹಚ್ಚಿದಳು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ‘ಹ್ಞೂಂರಿ, ಬೆಚ್ಚಗದ’ ಎಂದಳು.

ನನಗೆ ಜೀವ ಬಂದಂತಾಯಿತು. ಎಲ್ಲವೂ ಹೀಗೇ ಇವೆಯೇನು ಎಂದು ಕೇಳಿದಳು. ಒಂದು ಬಿಟ್ಟು ಎಂದೆ. ಯಾವುದು ಎಂದಳು. ಹೋಗಿ ಏಳನೆಯ ಜಾಗದ ಮೇಲೆ ಕೈಯಿಟ್ಟು ತೋರಿಸಿದೆ. ಕಲ್ಲವ್ವನ ಮುಖದ ಮೇಲಿನ ನಗು ಹೋಯಿತು. ಬಂದು ಆ ಜಾಗದ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

‘ಇದು ಬಡಸೋರ ಜಾಗಾರಿ. ನಂದು’ ಎಂದಳು.

ಆಗ ಆಕೆ ಹೇಳಿದ ಪದ್ಧತಿ ನಾನು ಬೇರೆಲ್ಲೂ ಕೇಳಿದ್ದಲ್ಲ. ಆ ಮಠದಲ್ಲಿ ಪಂಕ್ತಿ ಕೂತಾಗ ಬಡಿಸುವವರಿಗೂ ಸಾಲಿನಲ್ಲೇ ಒಂದು ಜಾಗ ಖಾಲಿ ಇಡುತ್ತಿದ್ದರು. ಎಲ್ಲರ ಊಟವಾದ ಮೇಲೂ ಯಾರೂ ಏಳುವಂತಿಲ್ಲ. ಬಡಿಸಿದವರು ಬಂದು ತಮ್ಮ ಜಾಗದಲ್ಲಿ ಕೂಡಬೇಕು. ಉಂಡವರಲ್ಲಿ ಮೊದಲು ಕೂತವರು ಎದ್ದು ಅವರಿಗೆ ಬಡಿಸಬೇಕು. ಅವರು ಸ್ವಾಮಿಗಳೇ ಆಗಿರಲಿ, ಶೇಠಜಿಯೇ ಆಗಿರಲಿ. ಬಡಿಸಿದವರು ಉಂಡು ಮುಗಿಸಿದ ಮೇಲೆಯೇ ಪಂಕ್ತಿ ಏಳುವುದು. ಶೆಡ್ಡಿಗೆ ಊಟ ಬಂದ ಮೇಲೆ ಅದೆಲ್ಲ ನಿಂತುಹೋಗಿತ್ತು. ಈಗ ಎಲ್ಲರೂ ಉಂಡು ಕೈತೊಳೆದು ಹೋಗುತ್ತಾರೆ, ಕಲ್ಲವ್ವ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಾಳೆ. ನಾನು ನೋಡಿದ್ದೂ ಅದನ್ನೇ.

ಚಪ್ಪಡಿ ಬಿದ್ದ ದಿನ ಎಲ್ಲರದೂ ಊಟ ಮುಗಿಯುತ್ತ ಬಂದಿತ್ತಂತೆ. ಈಕೆ ಮಜ್ಜಿಗೆ ಬಡಿಸಿ ಪಾತ್ರೆ ಇಟ್ಟು ಬರಲೆಂದು ಅಡುಗೆಮನೆಗೆ ಹೋಗಿದ್ದಳು, ಅಷ್ಟರಲ್ಲಿ ಸದ್ದಾಯಿತು. ಜನ ಎಲೆ ತುಳಿದುಕೊಂಡು ಓಡಿದರು. ‘ನಂದೊಬ್ಬಾಕಿದ ಉಳೀತ್ರಿ’ ಎಂದಳು. ದೂರಿನ ದನಿಯಲ್ಲ ಅದು. ಎಂಟು ವರ್ಷ ಒಳಗಿಟ್ಟುಕೊಂಡ ಒಂದು ಸಣ್ಣ ನೋವು, ಯಾರೂ ಕೇಳಲಿಲ್ಲವೆಂದು ಹೇಳದೆ ಇದ್ದದ್ದು.

ನಾನು ಆಗ ಮಾಡಿದ್ದನ್ನು ಇವತ್ತಿಗೂ ನಾನೇ ಮಾಡಿದೆನೇ ಎನ್ನಿಸುತ್ತದೆ. ಶೆಡ್ಡಿಗೆ ಹೋದೆ. ಪತ್ರಾವಳಿಯಲ್ಲಿ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹಾಕಿಕೊಂಡು, ಒಂದು ತಂಬಿಗೆ ನೀರು ತಂದು ಆಕೆಯ ಮುಂದಿಟ್ಟೆ. ಕಲ್ಲವ್ವ ಹಿಂದೆ ಸರಿದಳು. ಪಂಗ್ತಿ ಇಲ್ಲದೆ ಈ ಜಾಗದಲ್ಲಿ ಹೇಗೆ ಉಣ್ಣಲಿ ಎಂದಳು. ‘ಪಂಗ್ತಿ ಉಂಡದ ಕಲ್ಲವ್ವಾ. ನಿಮ್ಮದ ಉಳದದ, ಕೂಡ್ರಿ’ ಎಂದೆ. ದೆವ್ವ ದೇವರು ಎಂದರೆ ಎಷ್ಟು ಫೂಟು ಎನ್ನುತ್ತಿದ್ದ ಬಾಯಿ ಅದು. ಆಕೆ ನನ್ನ ಮುಖ ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ, ಆ ತಗ್ಗಿನಲ್ಲಿ ಕಾಲು ಮಡಚಿ ಕೂತಳು. ಕಲ್ಲು ಆಕೆಗೆಂದೇ ಅಳತೆ ತೆಗೆದಂತಿತ್ತು.

ಬಡಿಸಿದ ನಾನು ಪಕ್ಕದಲ್ಲೇ ನಿಂತೆ. ಮನೆಯಲ್ಲಿ ಒಂದು ದಿನವೂ ಹೆಂಡತಿಗೆ ನೀರು ಕೊಟ್ಟವನಲ್ಲ. ಎರಡು ರೊಟ್ಟಿ ಉಣ್ಣಲು ಆಕೆ ಬಹಳ ಹೊತ್ತು ತೆಗೆದುಕೊಂಡಳು, ಒಂದು ಚೂರೂ ಚೆಲ್ಲಲಿಲ್ಲ. ಮುಗಿಯುತ್ತ ಬಂದಾಗ ತಲೆಯೆತ್ತಿ ಚಾವಣಿ ನೋಡಿ, ‘ಬೆಳಕಿಂಡಿ ಮುಚ್ಚಳಾ ಇನ್ನೂ ಹಾಂಗ ಬಿಟ್ಟಾರಲ್ರಿ’ ಎಂದಳು.

ಯಾವ ಮುಚ್ಚಳ ಎಂದೆ. ಅವತ್ತು ಬಿದ್ದದ್ದು ಎಂದಳು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಅಡುಗೆಮನೆಯ ಹೊಗೆ ಹೋಗಲಿ, ಬೆಳಕು ಬರಲಿ ಎಂದು ಚಾವಣಿಯಲ್ಲಿ ಕಿಂಡಿ ಬಿಟ್ಟಿದ್ದರು. ಮಳೆಗಾಲಕ್ಕೆ ಅದರ ಮೇಲೆ ಕಲ್ಲಿನ ಮುಚ್ಚಳ. ಪ್ರತಿವರ್ಷ ಶ್ರಾವಣದ ಮುಂಚೆ ಮುಚ್ಚಳ ಎತ್ತಿ ಮಸಿ ಕೆರೆದು, ಸುಣ್ಣಗಾರೆ ಹಚ್ಚಿ ಮತ್ತೆ ಕೂಡಿಸುವ ವಾಡಿಕೆ. ಆ ವರ್ಷ ಹಬ್ಬದ ಗಡಿಬಿಡಿಯಲ್ಲಿ ಗಾರೆ ಹಚ್ಚದೆ ಹಾಗೇ ಇಟ್ಟುಬಿಟ್ಟರು, ಮಳೆಗೆ ಜಾರಿ ಬಿತ್ತು. ಇದನ್ನು ಕಮಿಟಿಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ನನ್ನ ಯಾರು ಕೇಳ್ಯಾರ್ರಿ?’

ಆಕೆ ಎದ್ದ ಮೇಲೆ ಅದೇ ಜಾಗದಲ್ಲಿ ನಾನು ಕೂತೆ. ಎದುರಿಗೆ ಓರೆಯಾಗಿ ಅಡುಗೆಮನೆಯ ಬಾಗಿಲು, ಅದರೊಳಗೆ ಹಳೆಯ ಒಲೆ. ಎಡಕ್ಕೆ ಪಡಸಾಲೆಯ ಬಾಗಿಲು, ಅಂಗಳ, ಅಂಗಳದ ಆಚೆ ಮಠದ ಹೆಬ್ಬಾಗಿಲು, ಮೂರೂ ಒಂದೇ ಗೆರೆಯಲ್ಲಿ. ಒಲೆಯ ಮೇಲೆ ಏನಿದೆ, ಯಾರ ಎಲೆಯಲ್ಲಿ ಏನಿಲ್ಲ, ತಡವಾಗಿ ಯಾರು ಹಸಿದು ಬರುತ್ತಿದ್ದಾರೆ ಎಲ್ಲವೂ ಅಲ್ಲಿ ಕೂತವರಿಗೆ ಕಾಣುತ್ತದೆ. ಅತ್ತಿತ್ತ ಒಂದೊಂದು ಜಾಗ ಸರಿದು ನೋಡಿದೆ, ಗೋಡೆಗೊತ್ತಿದ ಕಂಬದ ಅಂಚೋ ಬಾಗಿಲಿನ ಚೌಕಟ್ಟೋ ಅಡ್ಡ ಬರುತ್ತದೆ. ಕಟ್ಟಿದ ಮಹಾನುಭಾವ ಸ್ವಾಮಿಗಳಿಗೆ ಒಂದು ಬೆರಳು ಹೆಚ್ಚಿನ ಕೋಣೆ ಕೊಡಲಿಲ್ಲ. ಇಡೀ ಮಠದಲ್ಲಿ ಎಲ್ಲ ಕಾಣುವ ಒಂದೇ ಜಾಗವನ್ನು ಬಡಿಸುವವಳಿಗೆ ಕೊಟ್ಟಿದ್ದ. ನಾನು ಕೂತಲ್ಲೇ ಅವನಿಗೆ ಕೈ ಮುಗಿದೆ.

ಆಮೇಲೆ ಮೇಲೆ ನೋಡಿದೆ. ಬೇರೆ ಕಡೆಯಿಂದ ತೊಲೆಯ ಮರೆಯಲ್ಲಿ ಉಳಿಯುತ್ತಿದ್ದ ತೂತಿನ ಆಚೆಯ ಅಂಚು ಅಲ್ಲಿಂದ ನಿಚ್ಚಳವಾಗಿ ಕಂಡಿತು. ಮುರಿದ ಅಂಚಲ್ಲ. ಉಳಿಯಿಂದ ನೇರವಾಗಿ ಕಡಿದು, ಮುಚ್ಚಳ ಕೂಡಲೆಂದು ಮೆಟ್ಟಿಲು ಬಿಟ್ಟ ಅಂಚು. ಓಡಿಹೋಗಿ ಮೇಲೆ ಹತ್ತಿ ತಗಡು ಎತ್ತಿದೆ. ನಾಲ್ಕೂ ಕಡೆ ಹಾಗೆಯೇ. ಬಿದ್ದ ಕಲ್ಲು ಎಲ್ಲಿ ಎಂದು ಕಲ್ಲವ್ವನನ್ನು ಕೇಳಿದರೆ ಬಾವಿಯ ಕಡೆ ಕೈ ತೋರಿಸಿದಳು. ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿತ್ತು; ಮೂರು ದಿನ ನನ್ನ ಬನಿಯನ್ ಒಗೆದದ್ದೂ ಅದರ ಮೇಲೆಯೇ. ಟೇಪು ಹಿಡಿದೆ. ಅಳತೆ ಕೂಡಿತು. ಒಂದು ಮೂಲೆ ಮಾತ್ರ ಮುಕ್ಕಾಗಿತ್ತು.

ಮರಳಿ ಪಡಸಾಲೆಗೆ ಹೋಗಿ ತಗ್ಗುಗಳನ್ನು ಮುಟ್ಟಿದೆ. ಅಷ್ಟರಲ್ಲಿ ಬಿಸಿಲು ಚೆನ್ನಾಗಿ ಒಳಗೆ ಬಂದಿತ್ತು, ಅವು ಮೊದಲಿಗಿಂತ ಹೆಚ್ಚು ಬೆಚ್ಚಗಾಗಿರಬೇಕಿತ್ತು. ಕಲ್ಲವ್ವ ಮತ್ತು ನಾನು ಕೂತೆದ್ದ ಜಾಗ ಬಿಟ್ಟರೆ ಎಲ್ಲವೂ, ಪಂಕ್ತಿ ಎದ್ದುಹೋದ ಹಾಗೆ, ಉಳಿದ ನೆಲದಷ್ಟೇ ತಣ್ಣಗಿದ್ದವು. ಆವತ್ತು ಮಧ್ಯಾಹ್ನ ಮಠದ ಅಜ್ಜಾವರನ್ನು, ಅಂದರೆ ಸ್ವಾಮಿಗಳನ್ನು, ಬಡಿಸುವವರ ಜಾಗ ಯಾವುದು ಎಂದು ಬೇಕೆಂದೇ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. ‘ಉತ್ತರದ ಸಾಲಿನ್ಯಾಗ, ಪಡುವಲ ತುದಿಯಿಂದ ಏಳನೇದು’ ಎಂದರು.

ಟಿಪ್ಪಣಿ ಹರಿದೆಸೆದು ಬೇರೆ ಬರೆದೆ. ಈ ಸಲ ಸಾಹೇಬರನ್ನು ಕಣ್ಣು ಮುಚ್ಚಿ ಸಹಿ ಹಾಕಲು ಬಿಡಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದೆ. ಅವರು ಎರಡು ದಿನ ತೊಲೆ, ಕಂಬ ಎಲ್ಲ ನೋಡಿ, ಮುಚ್ಚಳ ಕೂಡಿಸಿ ಗಾರೆ ಹಚ್ಚಿ, ಇನ್ನೇನೂ ಬೇಡ ಎಂದರು. ದಾಜಿ ಮಾತ್ರ ಕೆಂಡವಾದರು. ‘ಮನೀ ಮನಷ್ಯಾ ಆಗಿ ಹಿಂಗ ಮಾಡೂದಾ?’ ಎಂದವರು ಎಂಟೊಂಬತ್ತು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ನಾಗರಪಂಚಮಿಗೆ ಅಕ್ಕ ಉಂಡಿ ಕಳಿಸಿದಳು, ತವರಿಗೆ ಅವಳೂ ಬರಲಿಲ್ಲ. ಕೊನೆಗೆ ಅವರ ತಂದೆಯ ಹೆಸರು ಅಂಗಳದ ಹೊಸ ನೀರಿನ ಟಾಕಿಯ ಮೇಲೆ ಬಂತು. ಪಡಸಾಲೆ ತೆರೆದ ದಿನ ಮೊದಲು ಕೂತವರು ದಾಜಿಯೇ. ಊಟ ಮುಗಿದ ಮೇಲೆ ಅಜ್ಜಾವರು ಕಣ್ಣಲ್ಲೇ ಸನ್ನೆ ಮಾಡಿದರು. ರೇಷ್ಮೆ ಪಂಚೆಯ ದಾಜಿ ಬುಟ್ಟಿ ಹಿಡಿದು ಹೋಗಿ ಕಲ್ಲವ್ವನಿಗೆ ಬಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ನನ್ನ ಹತ್ತಿರ ಬಂದು ಮಾತಾಡಿದರು.

ಕಲ್ಲು ಬೆಚ್ಚಗಿದ್ದ ಸಂಗತಿಯನ್ನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಎಷ್ಟು ಡಿಗ್ರಿ ಇತ್ತು ಎಂದು ಕೇಳುವ ನನ್ನಂಥವರು ಇದ್ದೇ ಇರುತ್ತಾರೆ. ಆದರೆ ಒಬ್ಬಳು ಸಾಕ್ಷಿ ಇದ್ದಾಳಲ್ಲ ಎಂಬ ಧೈರ್ಯ ನನಗಿತ್ತು. ಎರಡು ವರ್ಷದ ಮೇಲೆ ಕಲ್ಲವ್ವ ಮಂಡಿನೋವು ಹೆಚ್ಚಾಗಿ, ಅಕ್ಕಲಕೋಟೆಯಲ್ಲಿದ್ದ ಮಗಳ ಮನೆಗೆ ಬಂದಳು. ಒಂದು ದಿನ ನೋಡಲು ಹೋದೆ. ಚಹಾ ಕುಡಿದ ಮೇಲೆ, ನಿಜ ಹೇಳಬೇಕು, ಆವತ್ತು ನಿಮ್ಮ ಗಲ್ಲಕ್ಕೆ ಎಷ್ಟು ಬಿಸಿ ಹತ್ತಿತ್ತು ಎಂದು ಕೇಳಿದೆ.

ಕಲ್ಲವ್ವ ಬೊಚ್ಚುಬಾಯಿ ಅಗಲಿಸಿ ನಕ್ಕಳು. ‘ಇಲ್ರಿ ಸಾಹೇಬ್ರ, ತಣ್ಣಗ ಕೊರೀತಿತ್ತು. ನೀವು ಹೆದರಿ ಮಾರಿ ಬೆಳ್ಳಗ ಮಾಡ್ಕೊಂಡು ನಿಂತಿದ್ರಿ. ಇಲ್ಲ ಅಂದ್ರ ಎಲ್ಲಿ ಬೀಳ್ತೀರೋ ಅಂತ ಹ್ಞೂಂ ಅಂದೆ.’

ಇದ್ದೊಬ್ಬ ಸಾಕ್ಷಿಯೂ ಕೈಬಿಟ್ಟಳಲ್ಲ ಎನಿಸಿತು ಮೊದಲು. ಆಮೇಲೆ ಮನಸ್ಸು ಹಗುರವಾಯಿತು. ಸರಿ, ನನ್ನ ಜೋಮು ಹಿಡಿದ ಕೈಯದೇ ಕಾರುಬಾರು, ಮುಗಿಯಿತು ಎಂದುಕೊಂಡು ನಾನೂ ನಕ್ಕೆ. ಇಬ್ಬರೂ ಸಾಕಷ್ಟು ನಕ್ಕೆವು. ಆಕೆಯ ನಗು ಮೊದಲು ನಿಂತಿತು.

‘ಅದಿರ್ಲಿ ಬಿಡ್ರಿ. ನನ್ನ ಜಾಗಾ ನಿಮಗ ಯಾರು ತೋರಿಸಿದ್ರು? ಅಜ್ಜಾವ್ರನ್ನ ಕೇಳಿದೆ, ಅವ್ರು ಬಂದು ಕೇಳೂ ಮೊದಲ ನಾ ಹೇಳಿಲ್ಲ ಅಂದ್ರು.’

ಯಾರೂ ತೋರಿಸಲಿಲ್ಲ ಎಂದೆ. ಕಲ್ಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನ ಎರಡೂ ಕೈ ಹಿಡಿದು, ಅಂಗೈಗಳನ್ನು ತನ್ನ ಗಲ್ಲಕ್ಕೆ ಒತ್ತಿಕೊಂಡಳು.